ಹತ್ತಿ ಹೊಲದ ನಡುವೆ ಬೂದುಬಣ್ಣದ ವೃತ್ತ: ಬೂದಿದಿಬ್ಬವೋ, ಸವುಳು ನೆಲವೋ?

ಸಿಂಧನೂರು_ಮೇಡಂ

ಎಲ್ಲರಿಗೂ ನಮಸ್ಕಾರ್ರಿ. ಸಿಂಧನೂರು ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಪಾಠ ಮಾಡ್ತೀನಿ. ನವಶಿಲಾಯುಗದ ಪಾಠ ಬಂದಾಗ ಮಸ್ಕಿ, ಪಿಕ್ಲಿಹಾಳ, ಸಂಗನಕಲ್ಲು ಅಂತ ಹೆಸರು ಬರೆಸಿ ಮುಂದಕ್ಕೆ ಹೋಗೋದು ನನಗೆ ಸರಿ ಅನ್ನಿಸಲಿಲ್ಲ. ಮಸ್ಕಿ ನಮಗೆ ಬಸ್ಸಿನಲ್ಲಿ ಹೋಗಿ ಬರೋ ಊರು. ಅದಕ್ಕೆ ಮಕ್ಕಳ ಜೊತೆ ಸೇರಿ ನಮ್ಮ ಸುತ್ತಮುತ್ತಲ ಹಳೆ ಜಾಗಗಳ ನಕ್ಷೆ ಮಾಡೋಣ ಅಂತ ಹೊರಟೆ. ಶಾಲೆಯ ಕಂಪ್ಯೂಟರಿನಲ್ಲಿ ಕ್ಯೂಜಿಐಎಸ್ ಅನ್ನೋ ನಕ್ಷೆ ಮಾಡೋ ತಂತ್ರಾಂಶ ಹಾಕಿಕೊಂಡು, ವೀರಗಲ್ಲು, ಶಾಸನ, ಹಾಳುಬಾವಿ, ಊರ ಹೊರಗಿನ ಹನುಮಪ್ಪನ ಗುಡಿ ಎಲ್ಲಕ್ಕೂ ಚುಕ್ಕೆ ಹಾಕಿದ್ದೇವೆ.

ಈಗ ಪ್ರಶ್ನೆ. ಗೂಗಲ್ ಅರ್ಥ್‌ನಲ್ಲಿ ಊರ ಮೂಡಣಕ್ಕೆ ಒಂದು ಎರೆಹೊಲದ ನಡುವೆ ಬೂದುಬಣ್ಣದ ದುಂಡನೆ ಗುರುತು ಕಾಣ್ತದೆ. ಅಳತೆ ಗೆರೆ ಹಾಕಿ ನೋಡಿದರೆ ಅಡ್ಡಗಲ ನಲವತ್ತು ಮೀಟರ್ ಆಸುಪಾಸು. ಹಿರಿಯರು ಆ ಜಾಗಕ್ಕೆ ಬೂದಿದಿನ್ನಿ ಅಂತಾರೆ, ರಕ್ಕಸರನ್ನು ಸುಟ್ಟ ಜಾಗ ಅಂತಾರೆ. ಆದರೆ ನಮ್ಮ ಕಡೆ ಕಾಲುವೆ ಬಂದ ಮೇಲೆ ಸವುಳು (ಉಪ್ಪು) ಹಿಡಿದ ಹೊಲಗಳೂ ಬಾಳ ಇವೆ, ಅವೂ ಮೇಲಿನಿಂದ ಬೆಳ್ಳಗೆ ಕಾಣ್ತಾವೆ. ಇದು ನಿಜವಾಗಿ ಹಳೆ ನೆಲೆಯೋ ಅಲ್ಲವೋ ಅಂತ ತಿಳಿಯೋದು ಹೆಂಗೆ? ಹೊಲದ ಯಜಮಾನರು ಬೇಸಿಗೆಯಲ್ಲಿ ಜೆಸಿಬಿ ತರಿಸಿ ನೆಲ ಸಮ ಮಾಡಿಸಬೇಕು ಅಂತಿದ್ದಾರೆ. ಯಾರಿಗೆ ಹೇಳಬೇಕು, ಅವರ ಹತ್ತಿರ ಹೆಂಗೆ ಮಾತಾಡಬೇಕು ಅನ್ನೋದೂ ಗೊತ್ತಾಗ್ತಿಲ್ಲ.

---

ದಿಬ್ಬಗಳ_ಬೆನ್ನುಹತ್ತಿ

ಮೇಡಂ, ನಿಮ್ಮ ಪ್ರಶ್ನೆ ಓದಿ ಬಹಳ ಸಂತೋಷವಾಯಿತು. ತುಂಗಭದ್ರೆಗೂ ಕೃಷ್ಣೆಗೂ ನಡುವಿನ ಹಳೆಯ ನೆಲೆಗಳನ್ನು ನಕ್ಷೆಗೆ ಏರಿಸುವುದೇ ನನ್ನ ಕೆಲಸ. ಓದಿದ್ದು ಪುರಾತತ್ವ, ಹುಟ್ಟಿದ್ದು ಬಳ್ಳಾರಿ ಸೀಮೆ. ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ಸವುಳಿನ ವಿಚಾರ, ನಿಮ್ಮ ಸಂಶಯ ಸರಿಯಾಗಿದೆ. ತುಂಗಭದ್ರಾ ಎಡದಂಡೆಯ ನೀರು ಹರಿಯುವ ಕಡೆ ಉಪಗ್ರಹ ಚಿತ್ರ ನೋಡುವವರನ್ನು ಹೆಚ್ಚು ದಾರಿ ತಪ್ಪಿಸುವುದು ಇದೇ. ಸವುಳು ಸಾಮಾನ್ಯವಾಗಿ ತಗ್ಗಿನಲ್ಲಿ, ಕಾಲುವೆಯ ಬಸಿನೀರು ನಿಲ್ಲುವ ಕಡೆ ಇರುತ್ತದೆ. ಅದರ ಅಂಚು ವರ್ಷದಿಂದ ವರ್ಷಕ್ಕೆ ಸರಿಯುತ್ತದೆ, ಮಳೆಗಾಲದಲ್ಲಿ ಮಾಯವಾಗಿ ಬೇಸಿಗೆಯಲ್ಲಿ ಮತ್ತೆ ಏಳುತ್ತದೆ. ಬೂದಿದಿಬ್ಬ, ಅಂದರೆ ನವಶಿಲಾಯುಗದ ಜನ ದನದ ಸಗಣಿ ಸುಟ್ಟು ಬೆಳೆದ ಬೂದಿಯ ಗುಡ್ಡೆ, ಹಾಗಲ್ಲ. ದಿಬ್ಬವನ್ನೆಲ್ಲ ಉತ್ತು ಹರಡಿದ್ದರೂ ಬೂದಿ ಮಣ್ಣಿನ ನಡುಭಾಗ ಅಲ್ಲೇ ಇರುತ್ತದೆ. ಗೂಗಲ್ ಅರ್ಥ್ ಪ್ರೋದಲ್ಲಿ ಹಳೆಯ ವರ್ಷಗಳ ಚಿತ್ರಕ್ಕೆ ಹಿಂದೆ ಹೋಗುವ ಸೌಲಭ್ಯವಿದೆ. ಮಾರ್ಚಿನಿಂದ ಮೇವರೆಗಿನ ಚಿತ್ರಗಳನ್ನಷ್ಟೇ ಆರಿಸಿಕೊಂಡು ನೋಡಿ, ಹತ್ತಿ ಕಿತ್ತು ನೆಲ ಬರಿದಾಗಿರುವಾಗಲೇ ಮಣ್ಣಿನ ಬಣ್ಣ ಮಾತಾಡುವುದು. ಎಲ್ಲ ವರ್ಷವೂ ಅದೇ ಜಾಗ, ಅದೇ ಆಕಾರ ಇದ್ದರೆ ಆಸೆ ಇಟ್ಟುಕೊಳ್ಳಬಹುದು. ಇಟ್ಟಿಗೆ ಭಟ್ಟಿ ಇದ್ದ ಜಾಗ, ಕೆರೆ ಹೂಳು ಹೊಡೆಸಿದ ಹೊಲ, ಹಳೆಯ ಕಣ ಇವೂ ಹೀಗೇ ಕಾಣುತ್ತವೆ. ಅದನ್ನು ಹೊಲದವರನ್ನು ಕೇಳಿದರೆ ಒಂದು ಮಾತಿನಲ್ಲಿ ಬಗೆಹರಿಯುತ್ತದೆ.

ಇದಕ್ಕಿಂತ ಗಟ್ಟಿ ಸಾಕ್ಷಿ ಇನ್ನೊಂದಿದೆ. ಅಮೆರಿಕದವರು 1960ರಿಂದ 1972ರವರೆಗೆ ಕರೋನಾ ಎಂಬ ಗೂಢಚಾರ ಉಪಗ್ರಹಗಳಿಂದ ಫಿಲ್ಮಿನ ಮೇಲೆ ತೆಗೆದ ಚಿತ್ರಗಳನ್ನು 1995ರಲ್ಲಿ ಸಾರ್ವಜನಿಕರಿಗೆ ಬಿಟ್ಟುಕೊಟ್ಟರು. ಕಡೆಯ ಕಾಲದ ಕ್ಯಾಮೆರಾಗಳಲ್ಲಿ ಎರಡು ಮೀಟರಿನಷ್ಟು ಚಿಕ್ಕದೂ ಕಾಣುತ್ತದೆ. ಅಮೆರಿಕದ ಭೂವೈಜ್ಞಾನಿಕ ಸಮೀಕ್ಷೆಯ ಜಾಲತಾಣದಲ್ಲಿ ನಿಮ್ಮ ಊರಿನ ಮೇಲೆ ಚೌಕ ಎಳೆದು ಹುಡುಕಬಹುದು. ಯಾರೋ ಈಗಾಗಲೇ ಸ್ಕ್ಯಾನ್ ಮಾಡಿಸಿರುವ ಚಿತ್ರಗಳು ಉಚಿತ. ತುಂಗಭದ್ರಾ ಅಣೆಕಟ್ಟು ಮುಗಿದದ್ದು 1953ರಲ್ಲಿ. ಆಮೇಲೆ ಕಾಲುವೆ ಬಂತು, ವಲಸೆ ಬಂದ ರೈತರ ಕ್ಯಾಂಪುಗಳು ಬಂದವು, ಭತ್ತಕ್ಕೆಂದು ನೆಲ ಮಟ್ಟ ಮಾಡುವುದು ಊರಿಂದ ಊರಿಗೆ ಹಬ್ಬಿತು. ಕರೋನಾ ಚಿತ್ರಗಳು ಆ ಬದಲಾವಣೆ ಇನ್ನೂ ನಡೆಯುತ್ತಿದ್ದ ಹೊತ್ತಿನವು. ನಿಮ್ಮ ಹೊಲಕ್ಕೆ ನೀರು ಬರುವ ಮೊದಲಿನ ಚಿತ್ರದಲ್ಲೂ ಆ ಗುರುತು ಇದ್ದರೆ ಅದು ಸವುಳಲ್ಲ.

ಇಷ್ಟೂ ಆದ ಮೇಲೆ ನಿಮ್ಮ ಕೈಯಲ್ಲಿ ಇರುವುದು ಅನುಮಾನ ಮಾತ್ರ. ನಡೆದು ನೋಡಲೇಬೇಕು. ಯಜಮಾನರ ಒಪ್ಪಿಗೆ ಕೇಳಿ, ಹೊಲ ಖಾಲಿ ಇದ್ದಾಗ, ಆದರೆ ಒಂದು ಅಡ್ಡಮಳೆ ಬಿದ್ದು ಧೂಳು ತೊಳೆದ ಮೇಲೆ ಹೋಗಿ. ಮಕ್ಕಳನ್ನು ಹತ್ತು ಮೀಟರಿಗೊಬ್ಬರಂತೆ ಸಾಲಾಗಿ ನಿಲ್ಲಿಸಿ ಒಂದೇ ದಿಕ್ಕಿಗೆ ನಡೆಸಿ. ಕಾಣಬೇಕಾದದ್ದು ಇವು: ನುಣುಪಾದ ಬೂದುಬಣ್ಣದ ಮಡಕೆ ಚೂರು, ಕರಿಕಲ್ಲಿನ ಕೊಡಲಿಯ ತುಂಡು, ಚರ್ಟ್ ಕಲ್ಲಿನ ಸಣ್ಣ ಅಲಗು, ದನದ ಮೂಳೆ, ಬೂದಿ ಕರಗಿ ಗಾಜಿನಂತೆ ಗಟ್ಟಿಯಾದ ಗುಳ್ಳೆಗುಳ್ಳೆ ಉಂಡೆ. ಈ ಉಂಡೆಯನ್ನು ಕಬ್ಬಿಣದ ಕಿಟ್ಟವೆಂದು ಬಹಳ ಜನ ತಿಳಿಯುತ್ತಾರೆ. ಕೈಯಲ್ಲಿ ಹಿಡಿದರೆ ವ್ಯತ್ಯಾಸ ಗೊತ್ತಾಗುತ್ತದೆ, ಕಿಟ್ಟ ಭಾರ, ಬೂದಿಯುಂಡೆ ಹಗುರ. ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವ ದಾರಿಯಲ್ಲಿ ಕುಡತಿನಿಯ ಬೂದಿದಿಬ್ಬವಿದೆ, ಒಮ್ಮೆ ಮಕ್ಕಳಿಗೆ ಅದನ್ನು ತೋರಿಸಿ. ನಿಮ್ಮ ಊರಿನವರು ರಕ್ಕಸರ ಮಾತು ಹೇಳುವ ಹಾಗೆ ಹಂಪಿ ಹತ್ತಿರದ ನಿಂಬಾಪುರದವರು ತಮ್ಮೂರ ದಿಬ್ಬವನ್ನು ವಾಲಿಯನ್ನು ಸುಟ್ಟ ಜಾಗ ಎನ್ನುತ್ತಾರೆ. ಆ ಕಥೆಗಳನ್ನೂ ನಕ್ಷೆಯ ಜೊತೆ ಬರೆದಿಡಿ. ಬೂದಿ ಇದೆ ಎಂದು ನಮಗಿಂತ ಮೊದಲು ಗುರುತಿಸಿದವರು ಅವರು.

ಈಗ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವ ಮಾತು. ನೀವು ಹಾಕಿರುವ ಚುಕ್ಕೆಗಳು. ದಯವಿಟ್ಟು ಚುಕ್ಕೆಗೆ ನಿಲ್ಲಬೇಡಿ. ಊರೆಂದರೆ ಚುಕ್ಕೆಯಲ್ಲ.

ಬೂದಿದಿಬ್ಬದ ಚರಿತ್ರೆಯನ್ನೇ ನೋಡಿ. 1957ರಲ್ಲಿ ರೇಮಂಡ್ ಆಲ್ಚಿನ್ ಉಟ್ನೂರಿನಲ್ಲಿ ಅಗೆದರು, ಅದು ಈಗ ತೆಲಂಗಾಣದಲ್ಲಿದೆ. ಬೇಲಿಗೆ ಹುಗಿದ ಕಂಬಗಳ ಗುಣಿ ಸಿಕ್ಕವು, ದನದ ಗೊರಸಿನ ಗುರುತು ಕೂಡ ಉಳಿದಿತ್ತು. ದನ ಕೂಡುತ್ತಿದ್ದ ದೊಡ್ಡಿ, ಅಲ್ಲಿ ಶೇಖರವಾದ ಸಗಣಿಗೆ ಮತ್ತೆ ಮತ್ತೆ ಬೆಂಕಿ ಹಚ್ಚಿದ್ದಾರೆ ಎಂದು ಅವರು ತೋರಿಸಿಕೊಟ್ಟರು. ಬಹುಕಾಲ ಎಲ್ಲರ ಕಣ್ಣೂ ದಿಬ್ಬದ ಮೇಲೆಯೇ ಇತ್ತು. 1990ರ ದಶಕದಲ್ಲಿ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು ಸುರಪುರ ಸೀಮೆಯ ಬೂದಿಹಾಳದಲ್ಲಿ ದಿಬ್ಬವನ್ನು ದಾಟಿ ಅದರ ಪಕ್ಕದ ನೆಲವನ್ನೂ ಅಗೆದರು. ಅಲ್ಲಿ ಜನ ವಾಸವಿದ್ದ ಮನೆಗಳು ಬಂದವು, ಕಲ್ಲಿನ ಆಯುಧ ಮಾಡುತ್ತಿದ್ದ ಜಾಗ ಬಂತು, ದನ ಕೊಯ್ದು ಮಾಂಸ ಹಂಚಿಕೊಳ್ಳುತ್ತಿದ್ದ ನೆಲಗಟ್ಟು ಬಂತು. ದಿಬ್ಬ ಆ ಊರಿನ ಒಂದು ಮೂಲೆ ಅಷ್ಟೇ. ಚುಕ್ಕೆ ಇಟ್ಟು ಎದ್ದು ಬಂದಿದ್ದರೆ ಊರು ಕಾಣುತ್ತಲೇ ಇರಲಿಲ್ಲ.

ಆದ್ದರಿಂದ ನಿಮ್ಮ ನಕ್ಷೆಯಲ್ಲಿ ಬೂದಿಯ ಅಂಚನ್ನು ಒಂದು ಆವರಣ ಗೆರೆಯಾಗಿ ಎಳೆಯಿರಿ. ಮಡಕೆ ಚೂರು ಎಲ್ಲಿಯವರೆಗೆ ಹರಡಿದೆಯೋ ಅದು ಇನ್ನೊಂದು ಗೆರೆ. ಹತ್ತಿರದ ಹಳ್ಳ, ಅದರ ಹಳೆಯ ಪಾತ್ರವೂ ಕಂಡರೆ ಅದೂ. ಹತ್ತಿರದ ಕಲ್ಲುಗುಡ್ಡವನ್ನು ಬಿಡಲೇಬೇಡಿ, ಏಕೆಂದರೆ ಆ ಕಾಲದ ಜನ ಸಂಗನಕಲ್ಲಿನಲ್ಲೂ ತೆಕ್ಕಲಕೋಟೆಯಲ್ಲೂ ಗುಡ್ಡದ ಮೇಲೆ, ಬಂಡೆಗಳ ನಡುವಿನ ಸಮತಟ್ಟು ಜಾಗದಲ್ಲಿ ಮನೆ ಮಾಡಿಕೊಂಡಿದ್ದರು. ಬಂಡೆಯಲ್ಲಿ ಕೊಡಲಿ ಉಜ್ಜಿದ ನುಣುಪು ಗೀರು, ಕುಟ್ಟಿ ಮೂಡಿಸಿದ ಗೂಳಿಯ ಚಿತ್ರ ಸಿಗಬಹುದು. ಉಪಗ್ರಹ ಚಿತ್ರದಲ್ಲಿ ಕೆಲವು ಗುಡ್ಡಗಳನ್ನು ಸೀಳಿಕೊಂಡು ಹೋಗುವ ಕಪ್ಪು ನೇರ ಪಟ್ಟಿ ಇರುತ್ತದೆ. ಅದು ಡಾಲರೈಟ್, ಕೊಡಲಿ ಮಾಡುತ್ತಿದ್ದ ಕಲ್ಲು. ಸಂಗನಕಲ್ಲಿನ ಹಿರೇಗುಡ್ಡದಲ್ಲಿ ಅಂಥ ಪಟ್ಟಿಯ ಮೇಲೆಯೇ ಕೊಡಲಿ ತಯಾರಿಕೆಯ ದೊಡ್ಡ ನೆಲೆ ಇತ್ತು. ನೀರು, ಹುಲ್ಲು, ಕಲ್ಲು, ವಾಸ ಈ ನಾಲ್ಕನ್ನೂ ಒಂದೇ ನಕ್ಷೆಯಲ್ಲಿ ಇಟ್ಟು ನೋಡಿದಾಗ, ಜನ ಈ ಜಾಗವನ್ನೇ ಏಕೆ ಆರಿಸಿಕೊಂಡರು ಎಂದು ನಿಮ್ಮ ಎಂಟನೇ ಕ್ಲಾಸಿನ ಮಕ್ಕಳು ತಾವೇ ಹೇಳುತ್ತಾರೆ. ಕಂಪ್ಯೂಟರಿನ ನಕ್ಷೆ ನಮಗೆ ಬೇಕಿರುವುದು ಇದಕ್ಕಾಗಿ.

ಚೂರುಗಳನ್ನು ಎತ್ತಿಕೊಂಡು ಬರಬೇಡಿ. ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಫೋಟೋ ತೆಗೆದು, ಇದ್ದಲ್ಲೇ ಬಿಡಿ. ಅಗೆಯುವುದಂತೂ ಬೇಡವೇ ಬೇಡ, ಅದಕ್ಕೆ ಸರ್ಕಾರದ ಪರವಾನಗಿ ಬೇಕು.

---

ನಿವೃತ್ತ_ಭೂಮಾಪಕ

ದಿಬ್ಬಗಳ ಬೆನ್ನುಹತ್ತಿ ಅವರು ಹೇಳಿದ್ದಕ್ಕೆ ನನ್ನದೂ ಒಂದಿಷ್ಟು ಸೇರಿಸ್ತೀನಿ. ಸರ್ವೆ ಇಲಾಖೆಯಲ್ಲಿ ಚೈನು ಎಳೆದು ಎಳೆದು ಕೂದಲು ಬೆಳ್ಳಗಾದ ಮನುಷ್ಯ ನಾನು, ಊರು ಹಾವೇರಿ.

ಗ್ರಾಮನಕ್ಷೆ ನೋಡ್ರಿ. ಕಂದಾಯ ಇಲಾಖೆಯ ಜಾಲತಾಣದಾಗ ಸಿಗತಾವ, 7,920ಕ್ಕೆ 1ರ ಅಳತೆ, ಅಂದ್ರ ಒಂದು ಮೈಲಿಗೆ ಎಂಟು ಇಂಚು. ಹಳೇ ಬಂಡಿದಾರಿ, ಹಳ್ಳ, ಗ್ರಾಮಠಾಣಾ, ಬಾವಿ, ಗುಡಿ ಎಲ್ಲಾ ಅದರಾಗ ಇರತಾವ. ಒಂದು ಹೊಲದ ನಡುವ ಬಂಡಿದಾರಿ ಸುಮ್ಮನೆ ಬಂದು ಮುಗಿದಿದ್ರ ನಿಂತು ವಿಚಾರ ಮಾಡ್ರಿ, ಅಲ್ಲಿ ಒಂದು ಕಾಲಕ್ಕ ಊರು ಇದ್ದಿರಬಹುದು. ಬೇಚರಾಕ್ ಗ್ರಾಮಗಳ ಹೆಸರನ್ನೂ ತೆಗೀರಿ. ದಾಖಲೆಯೊಳಗ ಹೆಸರು, ಸೀಮೆ ಎರಡೂ ಇರತಾವ, ಮನಿ ಒಂದೂ ಇರೂದಿಲ್ಲ. ಹೊಲದಾಗ ಒಂಟಿ ಹನುಮಪ್ಪನ ಗುಡಿ, ಬೇವಿನ ಗಿಡ, ಕುಸಿದ ಹಗೇವು (ಕಾಳು ತುಂಬೋ ನೆಲದ ಗುಂಡಿ), ಇವು ಮೂರೂ ಕೂಡಿ ಸಿಕ್ಕರ ಅದು ಹಾಳೂರು ಅಂತ ನಾನು ಹೇಳ್ತೀನಿ.

ಗ್ರಾಮನಕ್ಷೆಯನ್ನ ಉಪಗ್ರಹ ಚಿತ್ರದ ಮ್ಯಾಲೆ ಕೂಡಿಸುವಾಗ ಗುಡಿ, ಬಾವಿ ಹಿಡೀಬ್ಯಾಡ್ರಿ. ಮೂರು ಊರಿನ ಸೀಮೆ ಕೂಡುವ ಕಲ್ಲು ಹಿಡೀರಿ. ಅಂಥವು ನಾಲ್ಕೈದು ಸಿಕ್ಕರ ನಕ್ಷೆ ಗಟ್ಟಿಯಾಗಿ ಕೂಡತದ. ದಿಶಾಂಕ್ ಆ್ಯಪಿನಾಗ ಸರ್ವೆ ನಂಬರ್ ತಾಳೆ ನೋಡಬಹುದು.

ನಿಮ್ಮ ರಾಯಚೂರು ಜಿಲ್ಲೆ 1956ರತನಕ ಹೈದರಾಬಾದ್ ಕಡೆ ಇತ್ತಲ್ಲ, ಹಳೇ ದಾಖಲೆ ಉರ್ದುವಿನಾಗ ಇರತಾವ. ಊರಾಗ ಉರ್ದು ಓದೋ ಹಿರಿಯರು ಇದ್ರ ಈಗ ಕೂಡಿಸಿ ಓದಿಸ್ರಿ. ಅವರು ಇರೂತನಕ ಅಷ್ಟೇ ಅದು ಆಗೂ ಕೆಲಸ.

---

ಜಿಯೋ_ಎಂಎಸ್ಸಿ

ನಮಸ್ತೆ, ನಾನು ಜಿಯೋಇನ್‌ಫರ್ಮ್ಯಾಟಿಕ್ಸ್ ವಿದ್ಯಾರ್ಥಿ. ಒಂದು ಸಂದೇಹ. 2012ರಲ್ಲಿ ಮೆಂಜೆ ಮತ್ತು ಜೇಸನ್ ಉರ್ ಸಿರಿಯಾದ ಈಶಾನ್ಯ ಭಾಗದಲ್ಲಿ 23,000 ಚದರ ಕಿಲೋಮೀಟರಿನಲ್ಲಿ ಸುಮಾರು 14,000 ಹಳೆಯ ನೆಲೆಗಳನ್ನು ಉಪಗ್ರಹದ ಬಹುವರ್ಣ ಚಿತ್ರಗಳಿಂದ ಕಂಪ್ಯೂಟರಿನಲ್ಲೇ ಗುರುತಿಸಿದರು. ಗ್ವಾಟೆಮಾಲಾದ ಕಾಡಿನಲ್ಲಿ ಲೈಡಾರ್ (ವಿಮಾನದಿಂದ ಲೇಸರ್ ಕಿರಣ ಬಿಟ್ಟು ನೆಲ ಅಳೆಯುವ ಸಾಧನ) ಹಾರಿಸಿ 60,000ಕ್ಕೂ ಹೆಚ್ಚು ಮಾಯಾ ಕಟ್ಟಡಗಳು ಸಿಕ್ಕವು ಎಂದು 2018ರಲ್ಲಿ ಪ್ರಕಟವಾಯಿತು. ನಾವೂ ಯುರೋಪಿನ ಸೆಂಟಿನೆಲ್ ಉಪಗ್ರಹದ ಚಿತ್ರಗಳನ್ನು ಹಾಕಿ ಇಡೀ ರಾಯಚೂರು ಜಿಲ್ಲೆಯ ಬೂದಿದಿಬ್ಬಗಳನ್ನು ಒಂದೇ ಸಲಕ್ಕೆ ಹುಡುಕಬಹುದಲ್ಲ? ಊರೂರು ನಡೆಯುವ ಅಗತ್ಯವಿದೆಯೇ?

ಇನ್ನೊಂದು, ಮೇಡಂ ಅವರು ಆ ಜಾಗದ ಅಕ್ಷಾಂಶ ರೇಖಾಂಶ ಇಲ್ಲಿ ಹಾಕಿದರೆ ನಾನೇ ನೋಡಿ ಹೇಳಬಲ್ಲೆ.

---

ದಿಬ್ಬಗಳ_ಬೆನ್ನುಹತ್ತಿ

ಕಡೆಯ ಮಾತಿಗೆ ಮೊದಲ ಉತ್ತರ: ಬೇಡ. ಸ್ಥಳದ ಅಂಕಿ ಇಲ್ಲಿ ಯಾರೂ ಹಾಕಬೇಡಿ. ಹಾಳುಗುಡಿಗಳ ಗರ್ಭಗುಡಿ ಅಗೆದು, ಲಿಂಗ ಕಿತ್ತು, ವೀರಗಲ್ಲು ಒಡೆದು ಹೋಗುವ ನಿಧಿಗಳ್ಳರ ಕಾಟ ನಮ್ಮ ಜಿಲ್ಲೆಗಳಲ್ಲಿ ಎಷ್ಟಿದೆ ಎಂದು ಎಲ್ಲರಿಗೂ ಗೊತ್ತು. ಬೂದಿದಿಬ್ಬದಲ್ಲಿ ಚಿನ್ನ ಇರುವುದಿಲ್ಲ, ಆದರೆ ಅಗೆಯುವವರಿಗೆ ಅದು ತಿಳಿದಿರುವುದಿಲ್ಲ. ನಿಖರವಾದ ಸ್ಥಳ ಶಾಲೆಯ ಪ್ರತಿಯಲ್ಲಿ ಮತ್ತು ಇಲಾಖೆಗೆ ಕೊಡುವ ಪ್ರತಿಯಲ್ಲಿ ಇರಲಿ. ಹೊರಗೆ ತೋರಿಸುವ ನಕ್ಷೆಯಲ್ಲಿ ಊರಿನ ಹೆಸರು ಸಾಕು.

ಇನ್ನು ಯಂತ್ರದಿಂದ ಹುಡುಕುವ ವಿಚಾರ. ಪ್ರಯತ್ನ ಮಾಡಿ, ನನಗೆ ವಿರೋಧವಿಲ್ಲ. ಆದರೆ ಸಿರಿಯಾದ ನೆಲೆಗಳು ಮಣ್ಣಿನ ಇಟ್ಟಿಗೆಯ ಮನೆ ಬಿದ್ದು, ಅದರ ಮೇಲೆ ಮತ್ತೆ ಕಟ್ಟಿ, ಸಾವಿರಾರು ವರ್ಷ ಎದ್ದ ದೊಡ್ಡ ಗುಡ್ಡೆಗಳು. ಮನುಷ್ಯ ವಾಸದಿಂದ ಅಲ್ಲಿನ ಮಣ್ಣಿನ ಗುಣವೇ ಬೇರೆಯಾಗಿದೆ, ಅದನ್ನು ಉಪಗ್ರಹ ಹಿಡಿಯುತ್ತದೆ. ನಮ್ಮ ದಿಬ್ಬಗಳು ಚಿಕ್ಕವು. ಸೆಂಟಿನೆಲ್‌ನ ಒಂದು ಚುಕ್ಕಿ (ಪಿಕ್ಸೆಲ್) ಹತ್ತು ಮೀಟರ್, ಮೇಡಂ ಹೇಳಿದ ವೃತ್ತ ಅದರಲ್ಲಿ ಅಡ್ಡಕ್ಕೆ ನಾಲ್ಕು ಚುಕ್ಕಿಯಷ್ಟೇ. ಉಚಿತವಾಗಿ ಸಿಗುವ ಎತ್ತರದ ನಕ್ಷೆಗಳು ಮೂವತ್ತು ಮೀಟರಿನವು, ಅವುಗಳಲ್ಲಿ ಅದು ಉಬ್ಬಾಗಿ ಕಾಣುವುದೂ ಇಲ್ಲ. ಪಕ್ಕದಲ್ಲೇ ಸವುಳಿನ ಸಾವಿರ ಗುರುತುಗಳಿರುವಾಗ ಯಂತ್ರ ಎರಡನ್ನೂ ಒಂದೇ ಎಂದು ಹೇಳುತ್ತದೆ. ನಡೆದು ನೋಡಿ ಖಚಿತಪಡಿಸಿದ ನೆಲೆಗಳ ಪಟ್ಟಿ, ಜೊತೆಗೆ ನಡೆದು ನೋಡಿ ಅಲ್ಲವೆಂದು ಖಚಿತಪಡಿಸಿದ ಜಾಗಗಳ ಪಟ್ಟಿ ಎರಡೂ ಇದ್ದರೆ ಮಾತ್ರ ಅದಕ್ಕೆ ಕಲಿಸಬಹುದು. ಎರಡನೆಯ ಪಟ್ಟಿ ನಮ್ಮಲ್ಲಿ ಯಾರೂ ಇಟ್ಟಿಲ್ಲ. ಲೈಡಾರ್‌ನ ಶಕ್ತಿ ಕಾಡಿನ ಎಲೆಗಳ ಸಂದಿಯಿಂದ ನೆಲ ಮುಟ್ಟುವುದು. ಮಲೆನಾಡಿನ ಹಾಳು ಕೋಟೆಗಳಿಗೆ ಅದು ಬೇಕು. ಮರವೇ ಇಲ್ಲದ ಎರೆಹೊಲಕ್ಕೆ ಡ್ರೋನಿನಿಂದ ತೆಗೆದ ಸಾಲುಚಿತ್ರಗಳೇ ಸಾಕು, ಅವುಗಳನ್ನು ಜೋಡಿಸಿ ಎತ್ತರದ ನಕ್ಷೆ ಮಾಡಬಹುದು.

ಊರೂರು ನಡೆಯಬೇಕೇ ಎಂದು ಕೇಳಿದಿರಿ. ವಿಜಯನಗರದ ಸುತ್ತಲ ಸಮೀಕ್ಷೆಯನ್ನು ಓದಿ. ಜಾನ್ ಫ್ರಿಟ್ಜ್ ಮತ್ತು ಜಾರ್ಜ್ ಮಿಶೆಲ್ 1980ರಿಂದ ಹಂಪಿಯ ರಾಜಧಾನಿಯ ಒಳಭಾಗವನ್ನು ಚೌಕ ಚೌಕವಾಗಿ ನಕ್ಷೆ ಮಾಡಿದರು. ಆಮೇಲೆ ಕಾರ್ಲಾ ಸಿನೊಪೊಲಿ ಮತ್ತು ಕ್ಯಾಥ್ಲೀನ್ ಮಾರಿಸನ್ 1987ರಿಂದ ಹತ್ತು ವರ್ಷ ಅದರ ಹೊರವಲಯದಲ್ಲಿ ಸಾಲಾಗಿ ನಡೆದು ಕೆರೆ, ಕಾಲುವೆ, ಕೋಟೆಗೋಡೆ, ದಾರಿ, ಹಳ್ಳಿ, ಕಮ್ಮಾರಿಕೆಯ ಜಾಗ ಎಲ್ಲವನ್ನೂ ದಾಖಲಿಸಿದರು. ನಮಗೆ ಹಂಪಿ ಎಂದರೆ ಗುಡಿ ಗೋಪುರ. ಆ ಗೋಪುರಕ್ಕೆ ಅನ್ನ ಹಾಕಿದ ನೆಲ ಯಾವುದು, ನೀರಿಲ್ಲದ ಒಣಭೂಮಿಯಲ್ಲಿ ಏನು ಬೆಳೆಯುತ್ತಿದ್ದರು ಎನ್ನುವುದು ಬೆಳಕಿಗೆ ಬಂದದ್ದು ಈ ನಡಿಗೆಯಿಂದ. ಮಸ್ಕಿಯ ಸುತ್ತಲೂ ಪೀಟರ್ ಜೊಹಾನ್ಸನ್, ಆ್ಯಂಡ್ರೂ ಬಾವರ್ ಮತ್ತು ಅವರ ಭಾರತೀಯ ಸಹೋದ್ಯೋಗಿಗಳು ವರ್ಷಗಳಿಂದ ಇದೇ ಬಗೆಯ ಸಮೀಕ್ಷೆ ನಡೆಸಿದ್ದಾರೆ. ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ಎಂ.ಬಿ. ರಜನಿಯವರು ನಾಳಂದದಂಥ ನೆಲೆಗಳ ಮೇಲೆ ಉಪಗ್ರಹ ಚಿತ್ರಗಳಿಂದ ಮಾಡಿರುವ ಕೆಲಸವನ್ನೂ ನೋಡಿ. ಈ ವಿದ್ಯೆ ಕಲಿಯಲು ನೀವು ದೂರ ಹೋಗಬೇಕಿಲ್ಲ.

ಭೂಮಾಪಕ ಸರ್, ನಿಮ್ಮ ಮಾತಿಗೆ ಕೈಮುಗಿಯುತ್ತೇನೆ. ಸೀಮೆಕಲ್ಲಿನ ವಿಷಯ ಯಾವ ತರಗತಿಯಲ್ಲೂ ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಮೇಡಂ, ಒಂದು ಎಚ್ಚರಿಕೆ. ಹಳೆಯ ಪುರಾತತ್ವ ವರದಿಗಳಲ್ಲಿ ಸ್ಥಳವನ್ನು ಡಿಗ್ರಿ, ಮಿನಿಟಿನವರೆಗೆ ಮಾತ್ರ ಕೊಟ್ಟಿರುತ್ತಾರೆ. ಒಂದು ಮಿನಿಟು ಎಂದರೆ ನೆಲದ ಮೇಲೆ ಹತ್ತಿರ ಹತ್ತಿರ 1.8 ಕಿಲೋಮೀಟರ್. ಜೊತೆಗೆ ಹಳೆಯ ಟೋಪೋಶೀಟುಗಳು ಎವರೆಸ್ಟ್ ಎಂಬ ಹಳೆಯ ಭೂಮಾಪನ ಲೆಕ್ಕದವು, ನಿಮ್ಮ ಫೋನಿನ ಜಿಪಿಎಸ್ ಬೇರೆ ಲೆಕ್ಕದ್ದು. ಹಾಗೇ ಹೊಂದಿಸಿದರೆ ನೂರು ಮೀಟರಿಗಿಂತ ಹೆಚ್ಚು ಪಕ್ಕಕ್ಕೆ ಸರಿಯುತ್ತದೆ, ದಿಬ್ಬ ಪಕ್ಕದವರ ಹೊಲದಲ್ಲಿ ಇರುತ್ತದೆ. ಸರ್ವೆ ಆಫ್ ಇಂಡಿಯಾದ ಹೊಸ ಸರಣಿಯ ನಕ್ಷೆಯನ್ನೇ ಇಳಿಸಿಕೊಳ್ಳಿ.

---

ಸಿಂಧನೂರು_ಮೇಡಂ

ಎಲ್ಲರಿಗೂ ಶರಣು. ಹಳೆ ಚಿತ್ರಗಳನ್ನು ತೆಗೆದು ನೋಡಿದೆ, ಸಿಕ್ಕ ಬೇಸಿಗೆಯ ಎಲ್ಲ ಚಿತ್ರದಲ್ಲೂ ವೃತ್ತ ಇದ್ದಲ್ಲೇ ಇದೆ, ಮತ್ತು ಅದು ಇರೋದು ಏರಿನ ಮೇಲೆ, ತಗ್ಗಿನಲ್ಲಲ್ಲ. ಪಡುವಲಿಗೆ ಒಂದು ಸಣ್ಣ ಕಲ್ಲುಗುಡ್ಡವೂ ಇದೆ. ಯಜಮಾನರ ಹತ್ತಿರ ಮಾತೆತ್ತಿದೆ. ಸರ್ಕಾರಕ್ಕೆ ಗೊತ್ತಾದರೆ ಹೊಲ ಕಸಕೊಳ್ತಾರೆ ಅನ್ನೋ ಹೆದರಿಕೆ ಅವರಿಗೆ. ನಾನು ಏನು ಉತ್ತರ ಕೊಡಲಿ ಅಕ್ಕಾ?

---

ದಿಬ್ಬಗಳ_ಬೆನ್ನುಹತ್ತಿ

ಇದ್ದದ್ದನ್ನು ಇದ್ದ ಹಾಗೆ ಹೇಳಿ. ಒಂದು ಜಾಗ ದಾಖಲಾದ ಮಾತ್ರಕ್ಕೆ ಸಂರಕ್ಷಿತವಾಗುವುದಿಲ್ಲ, ಅದಕ್ಕೆ ಸರ್ಕಾರ ಬೇರೆಯೇ ಅಧಿಸೂಚನೆ ಹೊರಡಿಸಬೇಕು. ಎಲ್ಲ ಬೂದಿದಿಬ್ಬಗಳಿಗೂ ಅದು ಆಗಿಲ್ಲ. ಮುಂದೆ ಏನೂ ಆಗುವುದಿಲ್ಲ ಎಂದು ಭರವಸೆ ಕೊಡಲು ಹೋಗಬೇಡಿ, ಅದು ನಿಮ್ಮ ಕೈಯಲ್ಲಿಲ್ಲ. ಅವರ ಭಯ ಬರಿಯ ಮೊಂಡುತನವಲ್ಲ, ಆ ಹೊಲವೇ ಅವರ ಬದುಕು. ದಿಬ್ಬದ ಅಷ್ಟು ಜಾಗ ಬಿಟ್ಟು ಉಳಿದದ್ದನ್ನು ಮಟ್ಟ ಮಾಡಿಸಿಕೊಳ್ಳಲು ಆಗುತ್ತದೆಯೇ ಎಂದು ಕೇಳಿ. ಅದೂ ಆಗದಿದ್ದರೆ ಜೆಸಿಬಿ ಬರುವ ಮೊದಲು ನಡೆದು ದಾಖಲಿಸಲು ಒಂದು ವಾರ ಕೊಡಿ ಎಂದು ಕೇಳಿ. ಬೂದಿ ಗೊಬ್ಬರಕ್ಕೆಂದು ಹೋದ ದಿಬ್ಬಗಳನ್ನು, ಕಲ್ಲುಗಣಿಗೆ ಸಿಕ್ಕಿ ನಲುಗಿದ ಗುಡ್ಡಗಳನ್ನು ನೋಡಿರುವ ನನಗೆ ಆ ಒಂದು ವಾರವೂ ದೊಡ್ಡದು.

ಪತ್ರವನ್ನು ರಾಜ್ಯದ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಗೆ ಬರೆಯಿರಿ, ಒಂದು ಪ್ರತಿ ತಹಶೀಲ್ದಾರರಿಗೆ. ಸರ್ವೆ ನಂಬರ್, ನಕ್ಷೆ, ಫೋಟೋ, ನಡೆದ ದಿನಾಂಕ ಇರಲಿ. ಬಳ್ಳಾರಿಯ ರಾಬರ್ಟ್ ಬ್ರೂಸ್ ಫುಟ್ ಸಂಗನಕಲ್ಲು ಪುರಾತತ್ವ ಸಂಗ್ರಹಾಲಯಕ್ಕೆ ಮಕ್ಕಳನ್ನು ನಡಿಗೆಗೆ ಮೊದಲೇ ಕರೆದುಕೊಂಡು ಹೋಗಿ. ಕೊಡಲಿ, ಮಡಕೆ ಚೂರುಗಳನ್ನು ಅಲ್ಲಿ ಒಮ್ಮೆ ನೋಡಿದ ಕಣ್ಣಿಗೆ ಹೊಲದಲ್ಲಿ ಅವು ಬೇಗ ಸಿಗುತ್ತವೆ.

ನಡೆಯುವಾಗ ಫೋನಿನಲ್ಲಿ ಕ್ಯೂಫೀಲ್ಡ್ ಆ್ಯಪ್ ಹಾಕಿಕೊಳ್ಳಿ, ನೆಟ್‌ವರ್ಕ್ ಇಲ್ಲದಿದ್ದರೂ ನಡೆಯುತ್ತದೆ, ನೇರ ನಿಮ್ಮ ಕ್ಯೂಜಿಐಎಸ್‌ಗೆ ಸೇರುತ್ತದೆ. ಅದರಲ್ಲಿ ನಾಲ್ಕು ಕಾಲಮ್ ಮಾಡಿ: ಏನು ಕಂಡಿತು, ಎಷ್ಟು ಕಂಡಿತು, ನೆಲ ಹೇಗಿತ್ತು, ಯಾರು ನೋಡಿದರು. ಏನೂ ಸಿಗದ ಸಾಲನ್ನೂ 'ಏನೂ ಇಲ್ಲ' ಎಂದು ತುಂಬಿಸಿ. ಮಡಕೆ ಚೂರಿನ ಹರಹು ಎಲ್ಲಿ ನಿಂತಿತು ಎಂದು ಗೆರೆ ಎಳೆಯಲು ಆ ಖಾಲಿ ಸಾಲುಗಳೇ ಬೇಕು, ಮತ್ತು ಜಿಯೋ ವಿದ್ಯಾರ್ಥಿಗೆ ನಾನು ಹೇಳಿದ ಎರಡನೆಯ ಪಟ್ಟಿಯೂ ಅಲ್ಲಿಂದಲೇ ಶುರುವಾಗುತ್ತದೆ.